ಕಾಡಿನ ರಸ್ತೆಯಲ್ಲಿ ಕಾರು ನಿಲ್ಲಿಸಬೇಡಿ

ಮಾನ್ಯ ಸಂಪಾದಕರೇ,

ರಜೆ ಬಂತೆಂದರೆ ಕುಟ್ಟದಿಂದ ನಾಗರಹೊಳೆಗೆ ಹೋಗುವ ರಸ್ತೆಯಲ್ಲಿ ಪ್ರವಾಸಿಗರ ಕಾರುಗಳ ಸಾಲು. ಜಿಂಕೆ ಕಂಡಲ್ಲೆಲ್ಲ ಬ್ರೇಕ್, ಇಳಿದು ಸೆಲ್ಫಿ. ಮೊನ್ನೆ ಮರಿಯನ್ನು ಎದೆಗವಚಿಕೊಂಡ ಕೋತಿಯೊಂದು ಚಿಪ್ಸ್ ಪೊಟ್ಟಣವನ್ನು ಹಲ್ಲಿನಿಂದ ಹರಿದು ಒಳಗಿನ ಉಪ್ಪು ನೆಕ್ಕುತ್ತಿತ್ತು. ಉಪ್ಪಿನಾಸೆಗೆ ಜಿಂಕೆಗಳು ಪ್ಲಾಸ್ಟಿಕ್ಕನ್ನೇ ನುಂಗುತ್ತವೆ. ಅದು ಹೊಟ್ಟೆಯಲ್ಲಿ ಕರಗುವುದಿಲ್ಲ. ಮರಿಯಾನೆ ಇರುವ ಹಿಂಡಿನೆದುರು ಹಾರನ್ ಹೊಡೆಯುವವರನ್ನು ಕಂಡರಂತೂ ಎದೆ ಝಲ್ಲೆನ್ನುತ್ತದೆ.

ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಲ್ಲಿಸಿರುವುದು ಒಳ್ಳೆಯದೇ. ಹಗಲಿಗೂ ಅಷ್ಟೇ ಬಿಗಿ ಬೇಕು. ಪ್ರಾಣಿ ನೋಡಲೇಬೇಕೆಂದರೆ ಕುಟ್ಟದ ಕಡೆಯ ನಾಣಚ್ಚಿ ಗೇಟಿನಿಂದ ಅರಣ್ಯ ಇಲಾಖೆಯ ಸಫಾರಿ ನಡೆಯುವಾಗ ಅದರಲ್ಲೇ ಹೋಗಬಹುದಲ್ಲ! ವಾಹನ ಒಳಹೋದ, ಹೊರಬಂದ ಸಮಯವನ್ನು ಎರಡೂ ಕಡೆಯ ಚೆಕ್‌ಪೋಸ್ಟ್‌ಗಳಲ್ಲಿ ತಾಳೆ ನೋಡಿ, ದಾರಿಯಲ್ಲಿ ನಿಂತು ತಡಮಾಡಿದವರಿಗೆ ದಂಡ ಹಾಕಬೇಕೆಂದು ಕೋರುತ್ತೇನೆ.

– ಓದುಗ, ಕುಟ್ಟ, ದಕ್ಷಿಣ ಕೊಡಗು