ಪುಟ್ಟಿಗೆ ಅತ್ತೆಯ ಕಾಗದ

ಚಿ. ಪುಟ್ಟಿಗೆ ನಿನ್ನ ಅತ್ತೆ ಮಾಡುವ ಆಶೀರ್ವಾದಗಳು.

ಮನೆಯ ಸಮಾಚಾರವನ್ನೆಲ್ಲ ನಿನ್ನ ಅಮ್ಮ ಫೋನಿನಲ್ಲಿ ಹೇಳಿರುತ್ತಾಳೆ, ಅದು ಬೇಡ. ನಿನ್ನ ಕಾಗದದಲ್ಲಿ ಬೇರೆ ಯಾವುದೋ ಮಾತಿನ ನಡುವೆ ಒಂದು ಸಾಲು ಬರೆದಿದ್ದೀಯಲ್ಲ, "ನಾಳೆ ಎಂಬಿಬಿಎಸ್ ಓದಿ ಮುಗಿಸಿದರೂ ಎಲ್ಲರ ಕಣ್ಣಿಗೆ ನಾನು ಈಗಿನ ಹಾಗೇ ಫಿಸಿಯೋಥೆರಪಿಸ್ಟೇ, ಅರ್ಧ ಡಾಕ್ಟರು" ಎಂದು. ಅದನ್ನು ಓದಿದ ಮೇಲೆ ನನಗೆ ಊಟ ಸೇರಲಿಲ್ಲ. ಓದು ಮುಗಿಯುವಾಗ ವಯಸ್ಸು ಮೂವತ್ತೈದು ದಾಟುತ್ತದೆ ಎಂದಷ್ಟೇ ಕೊರಗಿದ್ದರೆ ಇಷ್ಟು ಕಂಗೆಡುತ್ತಿರಲಿಲ್ಲ.

ನಿನ್ನ ಹಾಗೆಯೇ ತಡವಾಗಿ ಡಾಕ್ಟರಾದ ಒಬ್ಬಾಕೆಯ ಕಥೆ ಹೇಳುತ್ತೇನೆ, ಕೇಳು. ಶಾಲೆಯಲ್ಲಿ ನಾವು ಮಕ್ಕಳಿಗೆ ಹೇಳಿಕೊಡುತ್ತಿದ್ದ ಡ್ರಿಲ್‌ನ ಬೇರು ಹುಡುಕುತ್ತ ಹೋದರೆ, 1813ರಲ್ಲಿ ಲಿಂಗ್ ಎಂಬಾತ ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ ತೆರೆದ ಅಂಗಸಾಧನೆಯ ಸಂಸ್ಥೆ ಸಿಗುತ್ತದೆ. ರೋಗಿಗಳಿಗೆ ವ್ಯಾಯಾಮದಿಂದ ಚಿಕಿತ್ಸೆ ಕೊಡುವುದನ್ನೂ ಅಲ್ಲಿ ಕಲಿಸುತ್ತಿದ್ದರು. ನಿನ್ನ ವೃತ್ತಿಗೆ ಅದು ತವರುಮನೆ. 1842ರಲ್ಲಿ ಫಿನ್ಲೆಂಡಿನ ಕಾಸ್ಕಿನೆನ್ ಎಂಬ ಪುಟ್ಟ ಬಂದರು ಊರಿನಲ್ಲಿ ಹುಟ್ಟಿದ ರೊಸಿನಾ ಹೈಕೆಲ್ 1860ರ ದಶಕದಲ್ಲಿ ಆ ಸಂಸ್ಥೆಗೆ ಹೋಗಿ ಕಲಿತರು. ಬೇಕಾಗಿದ್ದದ್ದು ವೈದ್ಯಕೀಯ, ಆದರೆ ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಅದಕ್ಕೇ ಅಂಗಸಾಧನೆ, ಆಮೇಲೆ ಸೂಲಗಿತ್ತಿಯ ತರಬೇತಿ, ಮತ್ತೆ ಅಂಗರಚನಾಶಾಸ್ತ್ರ. ಒಳಗೆ ಬಿಟ್ಟಲ್ಲೆಲ್ಲ ಹೋಗಿ ಕಲಿತದ್ದೇ. 1871ರಲ್ಲಿ ವಿಶೇಷ ಅನುಮತಿಯ ಮೇಲೆ ಹೆಲ್ಸಿಂಕಿಯಲ್ಲಿ ವೈದ್ಯಕೀಯಕ್ಕೆ ಸೇರಿದಾಗ ಆಕೆಗೆ ಇಪ್ಪತ್ತೊಂಬತ್ತು. 1878ರಲ್ಲಿ ಮುಗಿಸಿ ಫಿನ್ಲೆಂಡಿನ ಮೊದಲ ವೈದ್ಯೆಯಾದರು. ಮೂವತ್ತಾರಕ್ಕೆ, ಪುಟ್ಟಿ.

ಆಮೇಲೆ ಕೊಟ್ಟ ಪರವಾನಗಿ ನೋಡು: ಹೆಂಗಸರಿಗೂ ಮಕ್ಕಳಿಗೂ ಮಾತ್ರ ಚಿಕಿತ್ಸೆ ಮಾಡಬಹುದು. ನೀನು ಹೆದರುತ್ತಿರುವ ಆ ಅರ್ಧವನ್ನು ಆಕೆಗೆ ಕಾಗದದ ಮೇಲೆಯೇ ಬರೆದುಕೊಟ್ಟರು. ಅದನ್ನು ಹಿಡಿದುಕೊಂಡೇ ವಾಸಾ ಎಂಬ ಊರಿನಲ್ಲಿ ಕೆಲವು ವರ್ಷ ವೈದ್ಯವೃತ್ತಿ ಮಾಡಿ, 1883ರಿಂದ 1901ರವರೆಗೆ ಹೆಲ್ಸಿಂಕಿ ನಗರದಲ್ಲಿ ಹೆಂಗಸರ ವೈದ್ಯೆಯಾಗಿ ದುಡಿದರು. ಹೊಟ್ಟೆನೋವು ಹಿಡಿದುಕೊಂಡು ಬಂದವಳಿಗೆ ಆಕೆ ಅರ್ಧ ಡಾಕ್ಟರಾಗಿ ಕಂಡಿದ್ದಾರೆಯೇ? ನನಗಂತೂ ಹಾಗನ್ನಿಸುವುದಿಲ್ಲ. ಹಾಗೆಂದು ಆಕೆಗೆ ನೋವೇ ಆಗಿರಲಿಲ್ಲ ಎಂದು ಹೇಳಿ ನಿನ್ನನ್ನು ಸಮಾಧಾನ ಮಾಡಲಾರೆ.

ಆ ನೋವು ನನಗೂ ಗೊತ್ತು. ಶಾಲೆಯಲ್ಲಿ ನಾನು 'ಆಟದ ಟೀಚರ್'. ಗಣಿತದವರು ರಜೆ ಹಾಕಿದರೆ ಅವರ ಪೀರಿಯಡ್ ನನಗೆ, ಪರೀಕ್ಷೆ ಹತ್ತಿರ ಬಂದರೆ ನನ್ನ ಪೀರಿಯಡ್ ಗಣಿತದವರಿಗೆ. ಬಿ.ಎಸ್ಸಿ. ಓದಿ ಜೀವಶಾಸ್ತ್ರ ಪಾಠ ಹೇಳಬೇಕೆಂಬ ಆಸೆ ನನಗಿತ್ತು. ಮನೆಯಲ್ಲಿ ಒಬ್ಬರ ಕಾಲೇಜಿಗಷ್ಟೇ ಹಣವಿತ್ತು, ಅದು ನಿನ್ನ ಅಪ್ಪನ ಪಾಲಿಗೆ ಹೋಯಿತು. ನನಗೆ ಸಿಟ್ಟಿಲ್ಲ. ಇಲ್ಲ ಎಂದು ಬರೆಯುವಾಗ ಕೈ ತಡೆಯಿತು, ಇರಲಿ.

ನಿವೃತ್ತಳಾದ ಆಟದ ಟೀಚರ್ ನಿನಗೆ ನೀಟ್ ಬಗ್ಗೆ ಏನು ಹೇಳಲಿ? ವಯಸ್ಸಿನ ಮಿತಿಯನ್ನು 2022ರಲ್ಲೇ ತೆಗೆದಿದ್ದಾರೆ, ಅದು ನಿನಗೂ ಗೊತ್ತಿರುತ್ತದೆ. ಭೌತಶಾಸ್ತ್ರ ಎಂದರೆ ನಿನಗೆ ಮೊದಲಿನಿಂದಲೂ ಜ್ವರ. ಅದನ್ನೇ ಮೊದಲು ಹಿಡಿದರೆ ಒಳ್ಳೆಯದೇನೋ. ಈಗಿನ ಕೆಲಸವನ್ನು ಒಮ್ಮೆಲೇ ಬಿಡಬೇಡ. ಲಕ್ವ ಹೊಡೆದವರನ್ನು ಎಬ್ಬಿಸಿ ನಿಲ್ಲಿಸಿ ಗೊತ್ತಿರುವವಳು ನೀನು, ನಿನ್ನ ಪಕ್ಕದ ಬೆಂಚಿನ ಹದಿನೆಂಟರ ಹುಡುಗರಿಗೆ ಅದು ಎಲ್ಲಿಂದ ಬರಬೇಕು? ನೋಡು, ಮತ್ತೆ ಅಲ್ಲಿಗೇ ಬಂದೆ. ಆ 'ಅರ್ಧ' ಎಂಬ ಮಾತನ್ನು ಆಸ್ಪತ್ರೆಯಲ್ಲಿ ಯಾರಾದರೂ ನಿನ್ನ ಮುಖಕ್ಕೆ ಹೇಳಿದರೇ, ಇಲ್ಲ ಅವರು ಹೇಳುವ ಮೊದಲೇ ನೀನೇ ಅಂದುಕೊಂಡೆಯಾ? ಮುಂದಿನ ಕಾಗದದಲ್ಲಿ ಅದೊಂದನ್ನು ಮರೆಯದೆ ಬರೆ.

ಕೋಚಿಂಗ್ ಫೀಸಿನ ಮಾತನ್ನು ಅಪ್ಪನ ಹತ್ತಿರ ಎತ್ತುವ ಮೊದಲು ನನಗೆ ತಿಳಿಸು. ನನ್ನೊಬ್ಬಳ ಖರ್ಚು ಕಳೆದು ಪಿಂಚಣಿ ಮಿಗುತ್ತದೆ.

ಇಂತಿ,
ನಿನ್ನ ಅತ್ತೆ