ಮಗಳಿಗೊಂದು ಪತ್ರ: ರಂಗದ ಮೇಲೆ ಕತ್ತಲು ಬೇಡ

ಸದಾಶಿವಗಡ

ಪ್ರೀತಿಯ ಮಗಳಿಗೆ,

ನಿನ್ನೆ ಫೋನಿನಲ್ಲಿ ಮಾತು ಅರ್ಧಕ್ಕೇ ನಿಂತಿತು. ನೀನು ಸಿಟ್ಟಿನಲ್ಲಿ ಇಟ್ಟೆಯೋ, ಸಿಗ್ನಲ್ ಹೋಯಿತೋ ಗೊತ್ತಾಗಲಿಲ್ಲ. ಮತ್ತೆ ಫೋನ್ ಮಾಡಿದರೆ ನಾನು ಅದನ್ನೇ ಹೇಳುತ್ತೇನೆ, ನೀನೂ ಅದೇ ಉತ್ತರ ಕೊಡುತ್ತೀಯ. ಅದಕ್ಕೇ ಬರೆಯಲು ಕೂತೆ. ದನಿ ಏರಿಸಿದ್ದಕ್ಕೆ ಬೇಜಾರು ಮಾಡ್ಕೋಬೇಡ. ಆದರೆ ಹೇಳಿದ ಮಾತನ್ನು ವಾಪಸ್ ತಗೊಳ್ಳುವುದಿಲ್ಲ. ನಿನ್ನ ನಾಟಕದಲ್ಲಿ ದೃಶ್ಯ ಬದಲಿಸಲು ರಂಗದ ಲೈಟೆಲ್ಲ ಆರಿಸುವ ಬ್ಲಾಕೌಟ್ ಬೇಡ. ಒಂದೂ ಬೇಡ.

'ಅಪ್ಪಾ, ಇದು ಶಾಲೆಯ ವಾರ್ಷಿಕ ಗ್ಯಾದರಿಂಗ್ ಅಲ್ಲ, ನಾಟಕ' ಅಂದೆ. ಸರ್ಕಾರಿ ಶಾಲೆ ಮಕ್ಕಳು ಅಂತ ಯಾಕೆ ಕಡಿಮೆ ಮಾಡಬೇಕು, ದೊಡ್ಡ ತಂಡಗಳಿಗೆ ಸಿಗುವುದೆಲ್ಲ ಇವರಿಗೂ ಸಿಗಬೇಕು ಅಂದೆ. ಆ ಮಾತು ನನಗೆ ಎಷ್ಟು ಹಿಡಿಸಿತು ಅಂತ ಆಗ ಹೇಳಲು ಆಗಲಿಲ್ಲ, ಈಗ ಹೇಳುತ್ತೇನೆ. ನಾಲ್ಕು ಶಾಲೆ. ಎರಡು ಘಟ್ಟದ ಮೇಲಿನವು, ಎರಡು ಕೆಳಗಿನವು. ಯಲ್ಲಾಪುರ ಕಡೆಯ ಸಿದ್ದಿ ಮಕ್ಕಳು ಡಮಾಮಿ ಬಾರಿಸುತ್ತಾರೆ, ಅಂಕೋಲೆ ಕಡೆಯ ಹಾಲಕ್ಕಿ ಮಕ್ಕಳು ಗುಮಟೆ. ಎರಡೂ ಒಂದೇ ರಂಗದ ಮೇಲೆ, ಟಿಕೆಟ್ ತಗೊಂಡು ಬಂದು ಕೂತವರ ಮುಂದೆ. ಈ ಜಿಲ್ಲೆಯಲ್ಲಿ ನಾನು ಇಷ್ಟು ವರ್ಷ ಲೈಟ್ ಹಾಕಿದ್ದೇನೆ. ಒಂದನೇ ಎರಡನೇ ಕ್ಲಾಸಿನ ಮಕ್ಕಳು ದೊಡ್ಡ ರಂಗಮಂದಿರಕ್ಕೆ ಬಂದದ್ದನ್ನು ನಾನು ನೋಡಿದ್ದು ಸ್ವಾಗತ ಗೀತೆಗೆ, ಬಹುಮಾನಕ್ಕೆ. ಹಾಡಿ ಕೆಳಗಿಳಿದರೆ ಅವರ ಕೆಲಸ ಮುಗಿಯಿತು. ನೀನು ಅವರನ್ನು ಕರೆತರುತ್ತಿರುವುದು ಅವರದೇ ನಾಟಕ ಆಡಿಸಲು. ಸಿಕ್ಕಿದವರಿಗೆಲ್ಲ ಇದನ್ನೇ ಹೇಳಿಕೊಂಡು ಓಡಾಡುತ್ತಿದ್ದೇನೆ, ಬೇಕಾದರೆ ಆಯಿಯನ್ನು ಕೇಳು. ನೀನು ನಾಟಕ ಕಲಿಯಲು ಹೆಗ್ಗೋಡಿಗೆ ಹೊರಟಾಗ ಮನೆಯಲ್ಲಿ ಏನೇನಾಯಿತು ಅಂತ ಇಬ್ಬರಿಗೂ ಗೊತ್ತು, ಬಿಡು.

ನಿನಗೆ ಗೊತ್ತಿಲ್ಲದ ಒಂದು ಸಂಗತಿ ಇದೆ. ನೀನಾಗ ಹಾಸ್ಟೆಲಿನಲ್ಲಿದ್ದೆ. ಘಟ್ಟದ ಮೇಲಿನ ಒಂದು ಊರಿನ ಸಭಾಂಗಣ, ಮಕ್ಕಳ ನಾಟಕ, ಲೈಟ್ ನನ್ನದು. ನಾನಿದ್ದದ್ದು ಹಿಂದೆ, ಮೇಲಿನ ಕೋಣೆಯಲ್ಲಿ. ಎರಡನೇ ದೃಶ್ಯ ಮುಗಿದ ಕೂಡಲೇ ಪೂರ್ತಿ ಕತ್ತಲು ಅಂತ ಕ್ಯೂ ಶೀಟಿನಲ್ಲಿ, ಯಾವಾಗ ಯಾವ ಲೈಟ್ ಅಂತ ಬರೆದ ಹಾಳೆಯಲ್ಲಿ, ಇತ್ತು. ಕತ್ತಲು ಮಾಡಿದೆ. ಮಕ್ಕಳು ಎಡಗಡೆ ವಿಂಗಿಗೆ, ಅಂದರೆ ರಂಗದ ಪಕ್ಕದ ಮರೆಗೆ ಓಡಬೇಕು, ಒಬ್ಬ ಮೇಷ್ಟ್ರು ಅಲ್ಲಿ ಟಾರ್ಚು ಹಿಡಿದು ನಿಂತಿರಬೇಕು. ಹಾಗೇ ಮಾತಾಗಿತ್ತು.

ಆ ಕತ್ತಲಲ್ಲಿ ಪ್ರೇಕ್ಷಕರ ನಡುವಿನಿಂದ ಒಬ್ಬ ತಾಯಿ ಮಗಳ ಹೆಸರು ಹಿಡಿದು ಕರೆದಳು. ಜೋರಾಗಿ ಏನಲ್ಲ. ಖುಷಿಗೆ ಕರೆದದ್ದು, ಇಲ್ಲಿದ್ದೇನೆ ಅಂತ ತಿಳಿಸಲು. ಹಾಲ್ ನಿಶ್ಶಬ್ದ ಇದ್ದದ್ದರಿಂದ ನನಗೂ ಕೇಳಿತು. ಲೈಟ್ ಏರಿಸಿದೆ. ಉಳಿದ ಮಕ್ಕಳೆಲ್ಲ ಒಳಗೆ ಹೋಗಿದ್ದಾರೆ. ಒಂದು ಪುಟ್ಟ ಹುಡುಗಿ, ಮೊಲದ ವೇಷ, ರಂಗದ ಅಂಚಿನಲ್ಲಿ ನಿಂತಿದೆ. ಕಾಲ್ಬೆರಳುಗಳು ಹಲಗೆಯಿಂದ ಹೊರಗೆ. ಕೆಳಗೆ ದೊಡ್ಡವರ ಎದೆಮಟ್ಟದಷ್ಟು ಆಳ, ಸಿಮೆಂಟು ನೆಲ. ಅಮ್ಮನ ದನಿ ಬಂದ ಕಡೆಗೆ ನಡೆದುಕೊಂಡು ಬಂದಿತ್ತು. ಲೈಟ್ ಬಂದ ಕೂಡಲೇ ನಕ್ಕಿತು, ತಿರುಗಿ ಒಳಗೆ ಓಡಿತು. ಜನ ಚಪ್ಪಾಳೆ ತಟ್ಟಿದರು. ಏನೂ ಆಗಲಿಲ್ಲ. ನಾಟಕ ಚೆನ್ನಾಗಿತ್ತು ಅಂತಲೇ ಎಲ್ಲರೂ ಅಂದರು.

ಆದರೆ ಆ ಕತ್ತಲು ಇನ್ನೂ ಎರಡು ಸೆಕೆಂಡು ಇದ್ದಿದ್ದರೆ? ತಾಯಿ ಇನ್ನೊಂದು ಸಲ ಕರೆದಿದ್ದರೆ? ಇದನ್ನು ನಾನು ಎಷ್ಟು ಸಲ ಯೋಚಿಸಿದ್ದೇನೋ. ರಾತ್ರಿ ಕರೆಂಟ್ ಹೋದರೆ ಈಗಲೂ ಮೊದಲು ಕಣ್ಣಿಗೆ ಬರುವುದು ಆ ಮೊಲದ ಕಾಲು. ಟಾರ್ಚಿನ ಮೇಷ್ಟ್ರು ಅಲ್ಲೇ ಇದ್ದರು, ಬಂದ ಮಕ್ಕಳನ್ನು ಒಳಗೆ ಕಳಿಸುತ್ತಿದ್ದರು. ಬರದವಳನ್ನು ಯಾರು ನೋಡಬೇಕು? ನನ್ನ ಕೈ ಲೈಟ್ ಏರಿಸಿ ಇಳಿಸುವ ಫೇಡರ್ ಮೇಲಿತ್ತು, ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಆ ತಾಯಿಯನ್ನು ಬೈಯಲು ಆಗುತ್ತಾ? ಮಗಳನ್ನು ನೋಡಲು ಬಂದಿದ್ದಳು, ಮಗಳು ಕಾಣಲಿಲ್ಲ, ಕರೆದಳು. ನಾನಾಗಿದ್ದರೂ ಕರೆಯುತ್ತಿದ್ದೆ. ಮಗುವನ್ನೂ ಬೈಯಲು ಆಗುವುದಿಲ್ಲ. ಅಮ್ಮ ಕರೆದರೆ ಹೋಗಬೇಕು ಅಂತ ನಾವೇ ಕಲಿಸಿದ್ದಲ್ವಾ?

ನೀನು ಹೇಳುತ್ತೀಯ, ವೃತ್ತಿಯವರು ಕತ್ತಲಲ್ಲೇ ಓಡಾಡುತ್ತಾರೆ, ಅಂಚಿಗೆ ಹೊಳೆಯುವ ಟೇಪ್ ಹಚ್ಚುತ್ತಾರೆ ಅಂತ. ನಿಜ. ಆದರೆ ಅವರಿಗೂ ಕತ್ತಲಲ್ಲಿ ಕಣ್ಣು ಕಾಣುವುದಿಲ್ಲ. ಜೋರು ಬೆಳಕಿನಿಂದ ಒಮ್ಮೆಲೇ ಕತ್ತಲಿಗೆ ಬಂದರೆ ಕಣ್ಣು ಪೂರ್ತಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ಬ್ಲಾಕೌಟ್ ಇರುವುದು ಕೆಲವೇ ಸೆಕೆಂಡು. ಅವರನ್ನು ಕಾಯುವುದು ಕಣ್ಣಲ್ಲ, ಕಾಲು. ಅದೇ ರಂಗದ ಮೇಲೆ ಲೈಟ್ ಹಾಕಿ, ಆರಿಸಿ, ಮತ್ತೆ ಮತ್ತೆ ನಡೆದು ಹೆಜ್ಜೆ ಲೆಕ್ಕ ಮಾಡಿಕೊಂಡಿರುತ್ತಾರೆ. ನಿನ್ನ ಮಕ್ಕಳು ಶಾಲೆಯ ಜಗಲಿಯಲ್ಲಿ ಕಲಿತದ್ದು. ಎರಡು ಶಾಲೆಯವರು ಇನ್ನೆರಡು ಶಾಲೆಯವರನ್ನು ನೋಡುವುದೇ ಆ ದಿನ ಬೆಳಿಗ್ಗೆ. ದೊಡ್ಡ ತಂಡಕ್ಕೆ ಸಿಗುವುದೆಲ್ಲ ಇವರಿಗೂ ಸಿಗಬೇಕು ಅಂದರೆ ಮೊದಲು ಸಿಗಬೇಕಾದ್ದು ಖಾಲಿ ರಂಗ. ಹಿಂದಿನ ದಿನ ಮಧ್ಯಾಹ್ನವೇ ಬನ್ನಿ. ಉಳಿಯುವ ವ್ಯವಸ್ಥೆ ನಾನು ನೋಡುತ್ತೇನೆ.

ಬ್ಲಾಕೌಟ್ ಇಲ್ಲದೆ ದೃಶ್ಯ ಬದಲಿಸುವುದು ಹೇಗೆ ಅಂತ ಕೇಳಿದೆ. ತಂಗೀ, ಯಕ್ಷಗಾನದ ಊರಲ್ಲಿ ಹುಟ್ಟಿ ಇದನ್ನು ಕೇಳಬೇಕಾ? ರಾತ್ರಿಯಿಡೀ ಆಟ ನಡೆಯುತ್ತದೆ, ಒಂದು ಸಲವಾದರೂ ದೀಪ ಆರಿಸುತ್ತಾರಾ? ಇಬ್ಬರು ತೆರೆ ಹಿಡಿದು ನಿಲ್ಲುತ್ತಾರೆ. ಅದರ ಹಿಂದೆ ವೇಷ ಬಂದು ನಿಲ್ಲುತ್ತದೆ. ಕಿರೀಟ ಅಷ್ಟೇ ಕಾಣುತ್ತದೆ, ಕಾಲು ಅಷ್ಟೇ ಕಾಣುತ್ತದೆ, ಜನ ಕಾಯುತ್ತಾರೆ. ಗುಣವಂತೆಯಲ್ಲಿ ಕೆರೆಮನೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳ ಎಷ್ಟು ದೇಶ ಸುತ್ತಿತು. ಒಡ್ಡೋಲಗಕ್ಕೆ, ಹೀಗೆ ತೆರೆಯ ಹಿಂದಿನಿಂದ ವೇಷ ರಂಗಕ್ಕೆ ಬರುವುದಕ್ಕೆ, ಬೇಕಾದದ್ದು ಒಂದು ತುಂಡು ಬಟ್ಟೆ, ಅದನ್ನು ಹಿಡಿಯಲು ನಾಲ್ಕು ಕೈ. ಇನ್ನೊಂದು ನೆನಪಿಸಿಕೋ. ವೃತ್ತಿಮೇಳ ಹೊಸ ಹುಡುಗರನ್ನು ಮೊದಲು ರಂಗಕ್ಕೆ ಬಿಡುತ್ತಿದ್ದದ್ದು ಕೋಡಂಗಿ, ಬಾಲಗೋಪಾಲ ವೇಷದಲ್ಲಿ. ಪ್ರಸಂಗ ಶುರುವಾಗುವ ಮೊದಲು, ಭಾಗವತರ ಕಣ್ಣೆದುರು, ತುಂಬು ಬೆಳಕಿನಲ್ಲಿ. ಮಕ್ಕಳನ್ನು ದೊಡ್ಡ ರಂಗಕ್ಕೆ ಹೇಗೆ ತರಬೇಕು ಅಂತ ನಮ್ಮವರು ಕಂಡುಕೊಂಡ ದಾರಿ ಅದು.

ಹಾಗಾಗಿ ಮಾತು ಬಾರದ, ನಾಚುವ ಮಕ್ಕಳಿಗೆ ತೆರೆ ಹಿಡಿಯುವ ಕೆಲಸ ಕೊಡು. ಒಂದು ತುದಿ ಘಟ್ಟದ ಮೇಲಿನ ಮಗು, ಇನ್ನೊಂದು ತುದಿ ಕೆಳಗಿನ ಮಗು. ಒಬ್ಬರು ಸಡಿಲ ಬಿಟ್ಟರೆ ಬಟ್ಟೆ ಜೋಲುತ್ತದೆ. ಅರ್ಧ ಗಂಟೆಯಲ್ಲಿ ಸ್ನೇಹ ಆಗುತ್ತದೆ ನೋಡು. ನಾಲ್ಕು ಶಾಲೆಯ ಮಕ್ಕಳು ನಾಲ್ಕು ಗುಂಪಾಗಿ ಕೂತುಬಿಡುತ್ತಾರೇನೋ ಅಂತ ಬೇಜಾರು ಮಾಡಿಕೊಂಡಿದ್ದೆಯಲ್ಲ, ಒಟ್ಟಿಗೆ ಕೂರಿ ಅಂತ ಹೇಳಿದರೆ ಕೂರುವುದಿಲ್ಲ. ಒಟ್ಟಿಗೆ ಹಿಡಿಯುವ ಕೆಲಸ ಬೇಕು.

ನೀನು ಎಲ್ಲಿರುತ್ತೀಯ? ಹಾಲಿನ ಹಿಂದೆ ಕೂರುತ್ತೇನೆ ಅಂದೆ. ಬೇಡ. ಭಾಗವತರ ಹಾಗೆ ರಂಗದ ಮೇಲೇ ಇರು, ಹಾಡು ಎತ್ತಿಕೊಡು. ನಮ್ಮ ಈ ಕಾರವಾರದ ಕಡಲತೀರದಲ್ಲಿ, ಜಿಲ್ಲಾ ಜಡ್ಜ್ ಆಗಿದ್ದ ಅಣ್ಣನ ಮನೆಯಲ್ಲಿದ್ದು, 1883ರಲ್ಲಿ ನಾಟಕ ಬರೆದ ಹುಡುಗ ರವೀಂದ್ರನಾಥ ಟ್ಯಾಗೋರ್. ಆಗ ವಯಸ್ಸು 22. ಮುಂದೆ 1901ರಲ್ಲಿ ಶಾಂತಿನಿಕೇತನದಲ್ಲಿ ಶಾಲೆ ತೆರೆದ ಮೇಲೆ ಶಾಲೆಯ ಮಕ್ಕಳ ನಾಟಕದಲ್ಲಿ ತಾವೂ ವೇಷ ಹಾಕಿದರು. ಅಷ್ಟು ದೊಡ್ಡವರು ಮಕ್ಕಳ ಪಕ್ಕ ನಿಂತರು. ನಿನಗೇನು ಸಂಕೋಚ?

ಇನ್ನು ಕೆಲವು ವಿಷಯ. ಉಪದೇಶ ಅನ್ನಿಸಿದರೂ ಓದು. ಸ್ಪಾಟ್‌ಗಳನ್ನು ದೊಡ್ಡವರ ಮುಖಕ್ಕೆ ಹೊಂದಿಸಿರುತ್ತಾರೆ. ಮಕ್ಕಳಿಗೆ ಅದನ್ನು ಇಳಿಸಬೇಕು, ಇಲ್ಲದಿದ್ದರೆ ಮುಂದಿನ ಸಾಲಿನ ನೆರಳು ಹಿಂದಿನವರ ಮುಖಕ್ಕೆ ಬೀಳುತ್ತದೆ. ಆ ಕೆಲಸ ನನಗೆ ಬಿಡು. ಸಾವಿರ ವ್ಯಾಟಿನ ಹ್ಯಾಲೊಜನ್ ಕೆಳಗೆ ಬಣ್ಣ ಹಚ್ಚಿಕೊಂಡು ನಿಂತರೆ ಸೆಕೆ ಆಗುತ್ತದೆ, ವಿಂಗಿನಲ್ಲಿ ನೀರು ಇರಲಿ. ಡಮಾಮಿ, ಗುಮಟೆ ಎರಡೂ ಮಾತಿನ ಹೊತ್ತಿಗೆ ನಿಲ್ಲಬೇಕು. ಯಕ್ಷಗಾನದಲ್ಲಿ ಅರ್ಥಗಾರಿಕೆಗೆ, ವೇಷದವರ ಮಾತಿಗೆ, ಚೆಂಡೆ ನಿಲ್ಲುವುದಿಲ್ಲವಾ, ಹಾಗೆ. ಮಗುವಿನ ದನಿ ಚರ್ಮವಾದ್ಯದ ಮೇಲೆ ಏರುವುದಿಲ್ಲ. ಜೋರಾಗಿ ಹೇಳು ಅಂತ ಗದರಬೇಡ, ಕೊನೇ ಸಾಲಿನಲ್ಲಿ ಒಬ್ಬರನ್ನು ಕೂರಿಸಿ ಅವರಿಗೆ ಹೇಳು ಅನ್ನು. ದನಿ ತಾನಾಗೇ ಏರುತ್ತದೆ. ಘಟ್ಟ ಇಳಿಯುವ ಮೊದಲು ಹೊಟ್ಟೆ ತುಂಬ ತಿನ್ನಿಸಬೇಡ. ಸಮುದ್ರ ತೋರಿಸುವುದು ನಾಟಕ ಮುಗಿದ ಮರುದಿನ. ಮೊದಲೇ ತೋರಿಸಿದರೆ ಕೂಗಿ ಕೂಗಿ ಗಂಟಲು ಕೆಡಿಸಿಕೊಳ್ಳುತ್ತಾರೆ. ಶುರುವಾಗುವ ಮೊದಲು ತಂದೆ ತಾಯಿಗಳಿಗೆ ನೀನೇ ನಿಂತು ಹೇಳು, ಹೆಸರು ಹಿಡಿದು ಕರೆಯಬೇಡಿ ಅಂತ. ಬೆಳಕು ಇದ್ದರೂ ಹೇಳು.

ನೀನು ಎಲ್ಲ ಮಕ್ಕಳನ್ನೂ ರಂಗಕ್ಕೆ ತರುತ್ತೇನೆ, ಒಬ್ಬರನ್ನೂ ಬಿಡುವುದಿಲ್ಲ ಅಂದೆಯಲ್ಲ, ಅದರಲ್ಲಿ ನಾನು ನಿನ್ನ ಕಡೆ. ಯಾರಾದರೂ ಸಣ್ಣವರನ್ನು ಕೈಬಿಡಿ ಅಂದರೆ ನನ್ನ ಹತ್ತಿರ ಕಳಿಸು.

ಕ್ಯೂ ಶೀಟ್ ಈ ವಾರವೇ ಕಳಿಸು. ಬ್ಲಾಕೌಟ್ ಅಂತ ಬರೆದ ಕಡೆಯೆಲ್ಲ ತೆರೆ ಅಂತ ತಿದ್ದಿ ಕಳಿಸಿದರೆ ನನಗೆ ನಿದ್ದೆ ಬರುತ್ತದೆ. ತಿದ್ದದೆ ಕಳಿಸಿದರೂ ಕಳಿಸು, ಕೂತು ಮಾತಾಡೋಣ. ತೆರೆಗೆ ಆಯಿ ತನ್ನ ಕೆಂಪು ಸೀರೆ ಕೊಡುತ್ತಾಳಂತೆ, ಅಗಲ ಎಷ್ಟು ಬೇಕು ಅಂತ ಕೇಳಿದ್ದಾಳೆ. ಊಟಕ್ಕೆ ಎಷ್ಟು ಜನ ಅಂತಲೂ ಹೇಳು. ಮೀನು ತಿನ್ನದ ಮಕ್ಕಳ ಲೆಕ್ಕ ಬೇರೆ ಬರೆದು ಕೊಡು.

ನಿನ್ನ ಅಪ್ಪ