ರೋಟರಿ ಎಂಜಿನ್: ತಿರುಗುವ ಭಾಗ ಮೂರೇ, ಅಳೆಯಬೇಕಾದ್ದು ನೂರಾರು

ಮಾನ್ಯ ಸಂಪಾದಕರೇ,

ಸ್ವಂತ ವಿಮಾನ ಕಟ್ಟುವವರ ಕುರಿತು ನಿಮ್ಮ ವಿಜ್ಞಾನ ಪುರವಣಿಯಲ್ಲಿ ಬಂದ ಲೇಖನ ಚೆನ್ನಾಗಿತ್ತು. ಆದರೆ ‘ರೋಟರಿ ಎಂಜಿನ್ನಿನಲ್ಲಿ ತಿರುಗುವ ಭಾಗಗಳು ಮೂರೇ ಮೂರು, ಹಳೆಯ ಕಾರಿನಿಂದ ಇಳಿಸಿ ಮನೆಯಲ್ಲೇ ಸರಿಮಾಡಿ ಕೂರಿಸಬಹುದು’ ಎಂಬ ಮಾತನ್ನು ಹಾಗೇ ಬಿಡುವಂತಿಲ್ಲ. ಜೊತೆಗಿದ್ದ ಚಿತ್ರವೂ ತಪ್ಪು. ಅದು ಮೊದಲನೇ ಮಹಾಯುದ್ಧದ ಕಾಲದ, ಸಿಲಿಂಡರುಗಳೇ ಗಿರಗಿರನೆ ಸುತ್ತುತ್ತಿದ್ದ ಎಂಜಿನ್. ಲೇಖನ ಹೇಳುತ್ತಿರುವುದು ಫೆಲಿಕ್ಸ್ ವಾಂಕೆಲ್ ರೂಪಿಸಿದ, 1957ರಲ್ಲಿ ಜರ್ಮನಿಯ ಎನ್‌ಎಸ್‌ಯು ಕಂಪನಿಯಲ್ಲಿ ಮೊದಲು ಓಡಿದ ಎಂಜಿನ್ನಿನ ಬಗ್ಗೆ. ವಿಮಾನ ಕಟ್ಟುವವರ ಕೈಗೆ ಹೆಚ್ಚಾಗಿ ಸಿಗುವುದು ಮಾಜ್ಡಾ ಆರ್‌ಎಕ್ಸ್-7 ಕಾರಿನ 13ಬಿ ಎಂಜಿನ್: ಎರಡು ರೋಟರು (ಹೌಸಿಂಗ್ ಎಂಬ ಕವಚದೊಳಗೆ ತಿರುಗುವ ಮೂರು ಮೂಲೆಯ ಭಾಗ), ಒಂದೊಂದಕ್ಕೆ 654 ಸಿಸಿ.

ಎರಡು ರೋಟರು, ಅವು ತಿರುಗಿಸುವ ಒಂದು ಎಕ್ಸೆಂಟ್ರಿಕ್ ಶಾಫ್ಟು: ಲೆಕ್ಕ ಮೂರೇ, ನಿಜ. ಆದರೆ ಆ ಎರಡು ರೋಟರುಗಳ ಮೇಲೆ ಅನಿಲ ಸೋರದಂತೆ ತಡೆಯುವ 6 ಏಪೆಕ್ಸ್ ಸೀಲು (ಮೂಲೆಯ ತುದಿಯವು), 12 ಸೈಡ್ ಸೀಲು (ಬದಿಯವು), ಇವೆರಡೂ ಕೂಡುವಲ್ಲಿ 12 ಕಾರ್ನರ್ ಸೀಲು, ಜೊತೆಗೆ ಆಯಿಲ್ ತಡೆಯುವ 8 ಆಯಿಲ್ ರಿಂಗು ಕೂರುತ್ತವೆ. ಪ್ರತಿಯೊಂದರ ಅಡಿಗೂ ಸ್ಪ್ರಿಂಗ್. ಎಂಜಿನ್ನಿನ ಆಯುಸ್ಸು ಇರುವುದು ಇವುಗಳಲ್ಲಿ.

ಬಿಚ್ಚಿದ ಮೇಲೆ ಮೊದಲು ನೋಡಬೇಕಾದ್ದು ರೋಟರ್ ಹೌಸಿಂಗಿನ ಒಳಮೈಯ ಕ್ರೋಮ್ ಲೇಪ. ಅಂಚಿನಲ್ಲಿ ಚಕ್ಕೆ ಎದ್ದಿದ್ದರೆ ಆ ಹೌಸಿಂಗನ್ನು ಬದಿಗಿಡಿ. ಪಿಸ್ಟನ್ ಎಂಜಿನ್ನಿನಂತೆ ಬೋರ್ ಮಾಡಿಸಿ ಓವರ್‌ಸೈಜ್ ಹಾಕುವ ದಾರಿ ಇಲ್ಲಿಲ್ಲ. ಬದಿಯ ಎರಕದ ಕಬ್ಬಿಣದ ಹೌಸಿಂಗಿನ ಮೇಲೆ ನೇರಪಟ್ಟಿಯಿಟ್ಟು ಫೀಲರ್ ಗೇಜ್ (ಸಂದು ಅಳೆಯುವ ತೆಳು ತಗಡು) ತೂರಿಸಿ ನೋಡಿ; 0.04 ಮಿ.ಮೀ.ಗಿಂತ ಹೆಚ್ಚು ಸೊಟ್ಟಗಿರಬಾರದು. ಸೈಡ್ ಸೀಲು ಉಜ್ಜಿ ಮೆಟ್ಟಿಲಾಗಿರುವ ಕಡೆ ಮಿತಿ 0.10 ಮಿ.ಮೀ. 1986ರ ನಂತರದ ಎಂಜಿನ್ನುಗಳಲ್ಲಿ ಏಪೆಕ್ಸ್ ಸೀಲಿನ ದಪ್ಪ 2 ಮಿ.ಮೀ., ಹೊಸದರಲ್ಲಿ ಎತ್ತರ 8 ಮಿ.ಮೀ.; ಸವೆದು 6.5ಕ್ಕೆ ಬಂದರೆ ಮುಗಿಯಿತು. ನಮ್ಮನ್ನು ಕೇಳಿದರೆ, ವಿಮಾನಕ್ಕೆ ಹಾಕುವ ಎಂಜಿನ್ನಿನಲ್ಲಿ ಈ ಮಿತಿಯವರೆಗೆ ಕಾಯುವುದೇ ತಪ್ಪು. ಬಿಚ್ಚಿದ್ದಾಗಿದೆ, ಸೀಲುಗಳನ್ನೆಲ್ಲ ಹೊಸದೇ ಹಾಕಿ.

ಅತಿ ಹೆಚ್ಚು ತಾಳ್ಮೆ ಬೇಡುವುದು ಸೈಡ್ ಸೀಲು. ಅದು ಅಗತ್ಯಕ್ಕಿಂತ ಉದ್ದವಾಗಿಯೇ ಬರುತ್ತದೆ. ಕಾರ್ನರ್ ಸೀಲನ್ನು ಅದರ ಜಾಗದಲ್ಲಿ ಕೂರಿಸಿ, ಸೈಡ್ ಸೀಲಿನ ಒಂದೇ ತುದಿಯನ್ನು ಕೋನ ಕೆಡದಂತೆ ಸ್ವಲ್ಪ ಸ್ವಲ್ಪವೇ ಉಜ್ಜುತ್ತಾ, ಎರಡರ ನಡುವೆ 0.05ರಿಂದ 0.15 ಮಿ.ಮೀ. ಸಂದು ಬರುವಂತೆ ಮಾಡಬೇಕು. 0.05ರ ಹತ್ತಿರ ನಿಲ್ಲಿಸಿದರೆ ಒಳ್ಳೆಯದು. ಅದಕ್ಕಿಂತ ಬಿಗಿಯಾದರೆ ಕಾವಿಗೆ ಹಿಗ್ಗಿ ಕಾರ್ನರ್ ಸೀಲನ್ನು ಒತ್ತಿ ಹಿಡಿಯುತ್ತದೆ, ಸಡಿಲವಾದರೆ ಕಂಪ್ರೆಷನ್ (ಅದುಮಿದ ಅನಿಲದ ಒತ್ತಡ) ಅಲ್ಲೇ ಸೋರುತ್ತದೆ. ಹೀಗೆ ಹನ್ನೆರಡು ಸಲ. ಯಾವ ಸೀಲು ಯಾವ ತೋಡಿಗೆ ಎಂದು ಗುರುತು ಮಾಡಿಡದೆ ಒಂದೇ ಡಬ್ಬಿಗೆ ಹಾಕಿದರೆ ಕೆಲಸವೆಲ್ಲ ಮೊದಲಿಂದ.

ಜೋಡಿಸುವಾಗ ಸೀಲುಗಳು ಉದುರದಂತೆ ಪೆಟ್ರೋಲಿಯಂ ಜೆಲ್ಲಿ ಹಚ್ಚಿದರೆ ಸಾಕು. ಕೂಲೆಂಟ್ ಸೀಲುಗಳು (ತಂಪಾಗಿಸುವ ನೀರು ಸೋರದಂತೆ ತಡೆಯುವವು) ಕೂರುವ ತೋಡಿನ ಒಳಗೋಡೆ ಬಿರುಕು ಬಿಟ್ಟಿದೆಯೇ ಎಂದು ಬೆಳಕು ಹಿಡಿದು ನೋಡಿ. ಅಲ್ಲಿ ತಪ್ಪಿದರೆ ರೇಡಿಯೇಟರಿನಲ್ಲಿ ಗುಳ್ಳೆ, ಸ್ಟಾರ್ಟ್ ಮಾಡಿದಾಗ ಬಿಳಿ ಹೊಗೆ. ಇಡೀ ಅಡುಕನ್ನು ಹಿಡಿದಿಡುವುದು 18 ಉದ್ದನೆಯ ಬೋಲ್ಟುಗಳು. ಎರಡು ಮೂರು ಸುತ್ತಿನಲ್ಲಿ, ಮ್ಯಾನುಯಲ್ಲಿನ ಕ್ರಮದಲ್ಲೇ, 32ರಿಂದ 39 ನ್ಯೂಟನ್ ಮೀಟರಿಗೆ ಬಿಗಿಯಿರಿ. ಪ್ರತಿ ಸುತ್ತಿನ ನಂತರ ಶಾಫ್ಟನ್ನು ಕೈಯಿಂದ ತಿರುಗಿಸಿ ನೋಡಿ; ಎಲ್ಲಾದರೂ ಹಿಡಿದುಕೊಂಡರೆ ಅಲ್ಲೇ ನಿಲ್ಲಿಸಿ.

ಅನುಭವಿಗಳೂ ಎಡವುವ ಒಂದು ಜಾಗವಿದೆ: ಶಾಫ್ಟು ಹಿಂದೆ ಮುಂದೆ ಸರಿಯದಂತೆ ಹಿಡಿಯುವ, ಮುಂಭಾಗದ ಥ್ರಸ್ಟ್ ಬೇರಿಂಗ್. ಎಂಜಿನ್ ಮಲಗಿಸಿಟ್ಟು ಶಾಫ್ಟಿನ ಮುಂದಿನ ಬೋಲ್ಟ್ ಸಡಿಲಿಸಿದರೆ ಒಳಗಿನ ಈ ನೀಡಲ್ ಬೇರಿಂಗ್ (ಸೂಜಿಯಂಥ ಉರುಳೆಗಳದು) ತನ್ನ ಜಾಗದಿಂದ ಕೆಳಗೆ ಜಾರಬಹುದು. ಹೊರಗಿನಿಂದ ಏನೂ ಕಾಣಿಸುವುದಿಲ್ಲ. ಮತ್ತೆ ಬೋಲ್ಟ್ ಬಿಗಿದಾಗ ಬೇರಿಂಗ್ ನಡುವೆ ಸಿಕ್ಕಿ ಜಜ್ಜಿಹೋಗುತ್ತದೆ. ಆದ್ದರಿಂದ ಈ ಕೆಲಸಕ್ಕೆ ಎಂಜಿನ್ನಿನ ಮುಂಭಾಗ ಮೇಲೆ ಬರುವಂತೆ ನಿಲ್ಲಿಸಬೇಕು. ಬಿಗಿದ ಮೇಲೆ ಡಯಲ್ ಗೇಜ್ ಇಟ್ಟು ಶಾಫ್ಟನ್ನು ಹಿಂದೆ ಮುಂದೆ ಆಡಿಸಿ: ಆಟ 0.04ರಿಂದ 0.07 ಮಿ.ಮೀ. ಇರಬೇಕು, 0.09 ದಾಟಬಾರದು. ಆಟವೇ ಇಲ್ಲದಿದ್ದರೆ ಬೇರಿಂಗ್ ಸಿಕ್ಕಿಕೊಂಡಿದೆ ಎಂದೇ ತಿಳಿದು ಮತ್ತೆ ಬಿಚ್ಚಿ.

ಇನ್ನು ಎಂಜಿನ್ನಿನ ಹೊರಗಿನದು. ಲೇಖನ ಈ ಕಡೆ ತಿರುಗಿಯೂ ನೋಡಿಲ್ಲ. ಕಾರು ಪೂರ್ಣ ಶಕ್ತಿಯಲ್ಲಿ ಓಡುವುದು ಕೆಲವೇ ಸೆಕೆಂಡು. ವಿಮಾನ ಮುಕ್ಕಾಲು ಶಕ್ತಿಯಲ್ಲಿ ಗಂಟೆಗಟ್ಟಲೆ ಓಡುತ್ತದೆ. ರೋಟರನ್ನು ಒಳಗಿನಿಂದ ತಂಪಾಗಿಸುವುದು ಆಯಿಲ್, ಹಾಗಾಗಿ ಕೂಲರುಗಳು ಹೊರಹಾಕಬೇಕಾದ ಶಾಖದಲ್ಲಿ ಸುಮಾರು ಮೂರನೇ ಒಂದು ಪಾಲು ಆಯಿಲಿನದೇ. ರೇಡಿಯೇಟರ್ ದೊಡ್ಡದಿಟ್ಟು ಆಯಿಲ್ ಕೂಲರಿನಲ್ಲಿ ಜಿಪುಣತನ ಮಾಡುವವರೇ ಜಾಸ್ತಿ. ನೀರು ಒಮ್ಮೆ ಅತಿಯಾಗಿ ಕಾದರೂ ಸಾಕು, ಕಬ್ಬಿಣಕ್ಕಿಂತ ಹೆಚ್ಚು ಹಿಗ್ಗುವ ಅಲ್ಯೂಮಿನಿಯಂ ಹೌಸಿಂಗುಗಳ ನಡುವೆ ಕೂಲೆಂಟ್ ಸೀಲು ನಜ್ಜುಗುಜ್ಜಾದೀತು.

ಕಾರಿನಲ್ಲಿ ಏಪೆಕ್ಸ್ ಸೀಲಿಗೆ ಆಯಿಲ್ ಹನಿಸುವ ಪಂಪನ್ನು ವಿಮಾನದವರು ಹಲವರು ತೆಗೆದುಬಿಡುತ್ತಾರೆ. ತೆಗೆದರೆ ಪೆಟ್ರೋಲಿಗೇ ಟೂ-ಸ್ಟ್ರೋಕ್ ಆಯಿಲ್ ಬೆರೆಸಬೇಕು: ಲೀಟರಿಗೆ ಸುಮಾರು 8 ಮಿ.ಲೀ., ತಪ್ಪದೆ, ಪ್ರತಿ ಸಲ ತುಂಬುವಾಗಲೂ. ಎಂಜಿನ್ 6000 ಆರ್‌ಪಿಎಂನಲ್ಲಿ ತಿರುಗುವಾಗ ಪ್ರೊಪೆಲರನ್ನು 2100ರ ಆಸುಪಾಸಿಗೆ ಇಳಿಸಲು 2.85ಕ್ಕೆ 1ರ ಗೇರ್‌ಬಾಕ್ಸ್ ಬೇಕು. ಇಗ್ನಿಷನ್ನೂ ಇಂಧನ ಇಂಜೆಕ್ಷನ್ನೂ ವಿದ್ಯುತ್ತನ್ನೇ ನಂಬಿರುವುದರಿಂದ ಎರಡು ಫ್ಯುಯೆಲ್ ಪಂಪು, ಎರಡು ಬ್ಯಾಟರಿ ಇಡುವುದನ್ನು ಐಷಾರಾಮ ಅನ್ನಬೇಡಿ. ಎಕ್ಸಾಸ್ಟ್ ಬಹಳ ಬಿಸಿ. ಸಾದಾ ಸೈಲೆನ್ಸರಿನ ಒಳತಗಡು ಕಿತ್ತು ಬಾಯಿಗೆ ಅಡ್ಡ ಕೂತರೆ ಎಂಜಿನ್ ಚೆನ್ನಾಗಿದ್ದೂ ಶಕ್ತಿ ಕುಸಿಯುತ್ತದೆ.

ಕಡೆಗೆ ಕಂಪ್ರೆಷನ್ ಪರೀಕ್ಷೆ. ಒಂದು ರೋಟರಿಗೆ ಮೂರು ಮುಖ. ಸಾಮಾನ್ಯ ಗೇಜ್ ಮೂರರಲ್ಲಿ ಅತಿ ಹೆಚ್ಚಿನದನ್ನು ಮಾತ್ರ ಹಿಡಿದು ತೋರಿಸುತ್ತದೆ, ಉಳಿದೆರಡು ಮುಖ ಸತ್ತಿದ್ದರೂ ಗೊತ್ತಾಗದು. ಮೂರನ್ನೂ ಬೇರೆ ಬೇರೆ ಓದುವ ರೋಟರಿ ಗೇಜೇ ಬೇಕು. 250 ಆರ್‌ಪಿಎಂನಲ್ಲಿ ಪ್ರತಿ ಮುಖಕ್ಕೂ ಚದರ ಸೆಂ.ಮೀ.ಗೆ ಕನಿಷ್ಠ 6 ಕೆ.ಜಿ. ಒತ್ತಡ ಬರಬೇಕು, ಒಂದೇ ರೋಟರಿನ ಮುಖಗಳ ನಡುವಿನ ವ್ಯತ್ಯಾಸ 1.5 ಮೀರಬಾರದು. ಇಷ್ಟು ಬಾರದ ಎಂಜಿನ್ನಿಗೆ ಪ್ರೊಪೆಲರ್ ಕಟ್ಟಬೇಡಿ ಎಂಬ ಒಂದು ಸಾಲನ್ನಾದರೂ ತಿದ್ದುಪಡಿಯಲ್ಲಿ ಸೇರಿಸಬೇಕೆಂದು ಕೋರುತ್ತೇವೆ.

ಇತಿ,
ಎಂಜಿನ್ ಕೆಲಸ ಬಲ್ಲ ಓದುಗರು